ಹೊಸ ಚೀಫ್ ಬರುವ ಮುನ್ನ: ಬೇ ಏರಿಯಾದ ಕನ್ನಡಿಗ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ನಮ್ಮ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್‌ನ ಪೊಲೀಸ್ ಚೀಫ್ ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ಬರಲು ಕೊನೆಯ ಸುತ್ತಿನವರೆಗೆ ಉಳಿದವರನ್ನು ಒಂದು ಸಂಜೆ ಸಾರ್ವಜನಿಕರ ಎದುರು ಕೂರಿಸುತ್ತಾರೆ. ಬಂದವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಈ ಸುದ್ದಿಯನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಒಂದಷ್ಟು ಜನ ಹೆಬ್ಬೆರಳು ಎತ್ತಿದರು. ಒಬ್ಬರು, "ಮೇಡಂ, ಎಷ್ಟು ಕ್ಯಾಮೆರಾ ಹಾಕಿಸ್ತಾರಂತೆ ಕೇಳಿ" ಎಂದರು. ಇನ್ನೊಬ್ಬರು, "ಗನ್ ಇರೋರನ್ನೇ ಹಾಕ್ಲಿ" ಎಂದರು. ಅಷ್ಟರಲ್ಲಿ ಯಾರೋ ಸೋನಾ ಮಸೂರಿ ಯಾವ ಅಂಗಡಿಯಲ್ಲಿ ಅಗ್ಗ ಅಂತ ಕೇಳಿದರು, ಮಾತು ಅತ್ತ ಹೊರಳಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸಂಜೆ ಹೊತ್ತು ಗಣಿತ ಹೇಳಿಕೊಡುವವಳು. ಕಾಯಂ ಹುದ್ದೆಯಲ್ಲ, ಆಯಾ ಟರ್ಮಿಗೆ ಕ್ಲಾಸು ಸಿಕ್ಕರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕಾಲೇಜಿನ ಪರವಾಗಿ ಮಾತಾಡುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ. ನಿಮ್ಮಲ್ಲಿ ಕೆಲವರ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತು ಹೋಗಿದ್ದಾರೆ, ಕೆಲವರ ಮಕ್ಕಳು ಮುಂದಿನ ವರ್ಷ ಬರುತ್ತಾರೆ. ಬರೆಯಲು ಇಷ್ಟೇ ಹಕ್ಕು, ಇಷ್ಟೇ ಕಾರಣ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಮ್ಯುನಿಟಿ ಕಾಲೇಜುಗಳು 116. ಯೂನಿಟ್‌ಗೆ 46 ಡಾಲರ್ ಫೀ, ಎರಡು ವರ್ಷ ಇಲ್ಲಿ ಓದಿ ಆಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಟ್ರಾನ್ಸ್‌ಫರ್. ಈ ಲೆಕ್ಕ ನಮ್ಮವರಿಗೆ ಬಾಯಿಪಾಠ. ಯುಸಿ ಡೇವಿಸ್ ಸೀಟಿನ ಗ್ಯಾರಂಟಿ ಕೊಡುತ್ತದೆ, ಬರ್ಕ್ಲಿ ಕೊಡುವುದಿಲ್ಲ ಎಂಬುದೂ ಗೊತ್ತು. ಆದರೆ ಮಗಳ ಕಾಲೇಜಿನ ಪೊಲೀಸ್ ಠಾಣೆ ಯಾವ ಕಟ್ಟಡದಲ್ಲಿದೆ ಎಂದು ಕೇಳಿದರೆ, "ಕಾಲೇಜಿಗೆ ಠಾಣೆ ಬೇರೆ ಇದೆಯಾ?" ಅನ್ನುತ್ತೀರಿ. ಇದೆ. ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್‌ಗಳು ತಮ್ಮದೇ ಪೊಲೀಸ್ ಇಲಾಖೆ ಇಟ್ಟುಕೊಳ್ಳಲು ರಾಜ್ಯದ ಕಾನೂನಿನಲ್ಲಿ ಅವಕಾಶವಿದೆ. ಡಿ ಆಂಜಾ ಮತ್ತು ಫುಟ್‌ಹಿಲ್ ಕಾಲೇಜುಗಳ ಡಿಸ್ಟ್ರಿಕ್ಟ್‌ಗೆ ತನ್ನದೇ ಪೊಲೀಸರಿದ್ದಾರೆ. ಲಾಸ್ ಏಂಜಲೀಸ್‌ನಂಥ ಕಡೆ ಕೌಂಟಿ ಶೆರಿಫ್ ಇಲಾಖೆಗೆ ಗುತ್ತಿಗೆ ಕೊಟ್ಟಿದ್ದಾರೆ. ಇನ್ನು ಕೆಲವು ಕಡೆ ಖಾಸಗಿ ಕಾವಲುಗಾರರು. ನಮ್ಮ ಡಿಸ್ಟ್ರಿಕ್ಟ್‌ನವರು ಊರಿನ ಪೊಲೀಸರಂತೆಯೇ ತರಬೇತಿ ಪಡೆದು ಪ್ರಮಾಣ ಸ್ವೀಕರಿಸಿದವರು, ಸೊಂಟದಲ್ಲಿ ಗನ್ ಇರುವವರು. ಆದ್ದರಿಂದ ಗನ್ ಕೇಳಿದವರ ಬೇಡಿಕೆ ಎಂದೋ ಈಡೇರಿದೆ.

ನಾವು ಊರಲ್ಲಿ ಓದಿದ ಕಾಲೇಜು ಹೇಗಿತ್ತು ನೆನಪಿಸಿಕೊಳ್ಳಿ. ಸುತ್ತ ಕಾಂಪೌಂಡ್, ಒಂದೇ ಗೇಟು, ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತ ವಾಚ್‌ಮನ್. ಹೊರಗಿನವರು ಬಂದರೆ "ಯಾರು ಬೇಕಿತ್ತು?" ಎಂಬ ಪ್ರಶ್ನೆ. ಇಲ್ಲಿ ಗೋಡೆಯೂ ಇಲ್ಲ, ಗೇಟೂ ಇಲ್ಲ. ಇರಲೂ ಕೂಡದು, ಯಾಕೆಂದರೆ ಇದು ಊರಿನ ಆಸ್ತಿ. ಯಾರು ಬೇಕಾದರೂ ಬಂದು ಕೂರಬಹುದಾದ ಕಾಲೇಜು ಎಂಬುದೇ ಇದರ ಹೆಚ್ಚುಗಾರಿಕೆ. ನನ್ನ ಒಂದೇ ಕ್ಲಾಸಿನಲ್ಲಿ ಹೈಸ್ಕೂಲಿನಿಂದ ಬಂದ ಹದಿನಾರರ ಹುಡುಗಿ, ರಾತ್ರಿ ಪಾಳಿಯ ನರ್ಸು, ಇರಾಕ್ ಯುದ್ಧದಿಂದ ಮರಳಿದವರು, ನಿವೃತ್ತಿಯ ನಂತರ ಕ್ಯಾಲ್ಕ್ಯುಲಸ್ ಕಲಿಯುವ ಹಟ ಹಿಡಿದ ಅಜ್ಜ, ಎಲ್ಲರೂ ಇರುತ್ತಾರೆ. ಹಾಸ್ಟೆಲ್ ಇಲ್ಲ. ಕ್ಲಾಸು ಮುಗಿದ ಹತ್ತು ನಿಮಿಷಕ್ಕೆ ಎಲ್ಲರೂ ಕಾರು ಹತ್ತಿ ಹೊರಟಿರುತ್ತಾರೆ. ಪಕ್ಕದಲ್ಲಿ ಕೂತವರ ಹೆಸರು ಟರ್ಮ್ ಮುಗಿದರೂ ಗೊತ್ತಿರುವುದಿಲ್ಲ. ಇಂಥ ಜಾಗದ ಕಾವಲನ್ನು ಗೇಟಿನ ವಾಚ್‌ಮನ್ ಲೆಕ್ಕದಲ್ಲಿ ಯೋಚಿಸಿದರೆ ದಾರಿ ತಪ್ಪುತ್ತದೆ.

2001ರ ಜನವರಿ ಕೊನೆಯ ವಾರ ಏನಾಯಿತು ಎಂಬುದು ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಡಿ ಆಂಜಾದ 19 ವರ್ಷದ ವಿದ್ಯಾರ್ಥಿಯೊಬ್ಬ ಸ್ಯಾನ್ ಹೋಸೆಯ ಲಾಂಗ್ಸ್ ಡ್ರಗ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲು ಫಿಲ್ಮ್ ರೋಲ್ ಕೊಟ್ಟು ಹೋದ. ಆಗಿನ್ನೂ ರೀಲಿನ ಕಾಲ. ಫೋಟೊ ಕೌಂಟರಿನಲ್ಲಿದ್ದವಳು 18ರ ಹುಡುಗಿ. ಪ್ರಿಂಟುಗಳಲ್ಲಿ ಅವಳಿಗೆ ಕಂಡದ್ದು ಬಂದೂಕು ಹಿಡಿದು ಪೋಸು ಕೊಟ್ಟ ಹುಡುಗ, ಸಾಲಾಗಿ ಇಟ್ಟ ಮನೆಯಲ್ಲೇ ಮಾಡಿದ ಬಾಂಬುಗಳು. ಗಿರಾಕಿಯ ಖಾಸಗಿ ಫೋಟೊ, ನನಗ್ಯಾಕೆ ಊರ ಉಸಾಬರಿ ಎಂದು ಲಕೋಟೆಗೆ ಹಾಕಿ ಅಂಟಿಸಿಬಿಡಬಹುದಿತ್ತು. ಅವಳ ಅಪ್ಪ ಪೊಲೀಸ್ ಇಲಾಖೆಯವರು. ಅವರಿಗೆ ಫೋನ್ ಮಾಡಿದಳು. ಫೋಟೊ ಒಯ್ಯಲು ಬಂದವನನ್ನು ಪೊಲೀಸರು ಹಿಡಿದರು. ಅಪ್ಪ-ಅಮ್ಮನ ಜೊತೆಗಿದ್ದ ಮನೆಯಲ್ಲಿ, ಅವನ ಮಲಗುವ ಕೋಣೆಯಲ್ಲಿ, ಪೈಪ್ ಬಾಂಬು, ಪೆಟ್ರೋಲ್ ಬಾಂಬು, ಬಂದೂಕುಗಳು ಸಿಕ್ಕವು. ಮರುದಿನವೇ ಕಾಲೇಜಿನಲ್ಲಿ ಅವನ್ನು ಸಿಡಿಸುವುದು ಅವನ ಯೋಜನೆ. ಜನವರಿ 30ರಂದು ಇಡೀ ಕ್ಯಾಂಪಸ್ ಖಾಲಿ ಮಾಡಿಸಿ ಮೂಲೆಮೂಲೆ ಜಾಲಾಡಿದರು. ಒಬ್ಬರಿಗೂ ಏನೂ ಆಗಲಿಲ್ಲ.

ಆ ಮನೆಯ ಅಪ್ಪ-ಅಮ್ಮನಿಗೆ ಗೊತ್ತಾಗದ್ದು ಫೋಟೊ ಅಂಗಡಿಯ ಹುಡುಗಿಗೆ ಗೊತ್ತಾಯಿತು ಎಂಬ ಮಾತಿಗೆ ನಾನು ಹೋಗುವುದಿಲ್ಲ, ಅದು ಯಾವ ಮನೆಯಲ್ಲೂ ಆಗಬಹುದು. ನನ್ನನ್ನು ಯೋಚನೆಗೆ ಹಚ್ಚಿದ್ದು ಅವಳು ಮಾಡಿದ ಆ ಫೋನ್ ಕಾಲ್. ಯಾರಿಗೆ ಹೇಳಬೇಕು ಎಂದು ಅವಳು ತಡಕಾಡಬೇಕಾಗಲಿಲ್ಲ. ನಂಬಿಕೆಯ ಪೊಲೀಸ್ ಒಬ್ಬರು ಮನೆಯಲ್ಲೇ ಇದ್ದರು. ನಮ್ಮ ಮಕ್ಕಳಿಗೆ ಅಂಥ ಅಪ್ಪ ಇಲ್ಲ. ಕಂಡದ್ದನ್ನು ಹೇಳಲು ಅಷ್ಟೇ ಹತ್ತಿರದ ದಾರಿಯನ್ನು ಮಿಕ್ಕ ಸಾವಿರಾರು ವಿದ್ಯಾರ್ಥಿಗಳಿಗೂ ಮಾಡಿಕೊಡುವುದೇ ಕ್ಯಾಂಪಸ್ ಚೀಫ್‌ನ ಮೊದಲ ಕೆಲಸ. ಕ್ಯಾಮೆರಾ, ಗನ್ನು, ಹೊಸ ಕಾರು, ಎಲ್ಲ ಆಮೇಲಿನ ಮಾತು.

ಹೇಳಿದ ಮಾತ್ರಕ್ಕೆ ಮುಗಿಯುವುದೂ ಇಲ್ಲ. ಅರಿಜೋನಾದ ಟೂಸಾನ್‌ನಲ್ಲಿ ಪಿಮಾ ಕಮ್ಯುನಿಟಿ ಕಾಲೇಜ್ ಇದೆ. 2010ರ ಫೆಬ್ರುವರಿಯಿಂದ ಸೆಪ್ಟೆಂಬರ್ ನಡುವೆ ಅಲ್ಲಿನ ಕ್ಯಾಂಪಸ್ ಪೊಲೀಸರು ಒಬ್ಬನೇ ವಿದ್ಯಾರ್ಥಿಯ ವಿಚಾರಕ್ಕೆ ಐದು ಸಲ ಓಡಾಡಬೇಕಾಯಿತು. ಕ್ಲಾಸಿನಲ್ಲಿ ಸಂಬಂಧವಿಲ್ಲದ ಮಾತು, ಕೂಗಾಟ, ಹೆದರಿಸುವ ನಗೆ. ಅವನಿಗೆ ಬೀಜಗಣಿತ ಕಲಿಸಿದ ಮೇಷ್ಟ್ರು, ಬೋರ್ಡಿನ ಮೇಲೆ ಬರೆಯುವಾಗ ಬೆನ್ನ ಹಿಂದೆ ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದೆ ಎಂದು ಆಮೇಲೆ ಪತ್ರಕರ್ತರಿಗೆ ಹೇಳಿದರು. ಅದೇ ಕ್ಲಾಸಿನ ಹಿರಿಯ ವಿದ್ಯಾರ್ಥಿನಿಯೊಬ್ಬರು ಓಡಿಹೋಗಲು ಸುಲಭವಾಗಲಿ ಎಂದು ಬಾಗಿಲ ಹತ್ತಿರ ಕೂರುತ್ತಿದ್ದುದಾಗಿ ಗೆಳೆಯರಿಗೆ ಇಮೇಲ್ ಬರೆದಿದ್ದರು. ನನ್ನಂತೆ ಬೋರ್ಡಿಗೆ ಮುಖ, ಕ್ಲಾಸಿಗೆ ಬೆನ್ನು ಮಾಡಿ ನಿಲ್ಲುವವರಿಗೆ ಇದನ್ನು ಓದಿದರೆ ಕತ್ತಿನ ಹಿಂಭಾಗ ತಣ್ಣಗಾಗುತ್ತದೆ.

ಪಿಮಾ ಕಾಲೇಜು ಸುಮ್ಮನೆ ಕೂರಲಿಲ್ಲ ಎಂಬುದನ್ನು ಒಪ್ಪಬೇಕು. ಸೆಪ್ಟೆಂಬರ್ ಕೊನೆಗೆ ಪೊಲೀಸರು ಅಮಾನತಿನ ಪತ್ರವನ್ನು ಅವನ ಮನೆಗೇ ಒಯ್ದು ಕೊಟ್ಟರು. ಇವನಿಂದ ಯಾರಿಗೂ ಅಪಾಯವಿಲ್ಲ ಎಂದು ಮಾನಸಿಕ ತಜ್ಞರಿಂದ ಬರೆಸಿ ತಂದರೆ ಮಾತ್ರ ಮತ್ತೆ ಪ್ರವೇಶ ಎಂದು ಅಕ್ಟೋಬರಿನಲ್ಲಿ ತಿಳಿಸಿದರು. ಅವನು ಕಾಲೇಜು ಬಿಟ್ಟ. ಕ್ಯಾಂಪಸ್ಸಿನ ಮಟ್ಟಿಗೆ ಫೈಲು ಮುಚ್ಚಿತು. 2011ರ ಜನವರಿ 8ರಂದು ಅವನು ಒಂದು ಸೇಫ್‌ವೇ ಅಂಗಡಿಯ ಮುಂದೆ ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಗುಂಡು ಹೊಡೆದ. ಆರು ಜನ ಸತ್ತರು. ಒಂಬತ್ತು ವರ್ಷದ ಹುಡುಗಿಯೂ ಅವರಲ್ಲಿ ಒಬ್ಬಳು. ಇಂಥವರ ಮಾನಸಿಕ ತಪಾಸಣೆಗೆ ಯಾರು ಬೇಕಾದರೂ ಅರ್ಜಿ ಹಾಕಲು ಅರಿಜೋನಾದ ಕಾನೂನು ಬಿಡುತ್ತಿತ್ತು. ಯಾರೂ ಹಾಕಲಿಲ್ಲ. ಕಾಲೇಜಿನಿಂದ ಆಚೆ ಹಾಕಿದವನನ್ನು ಆಮೇಲೆ ಯಾರು ನೋಡಿಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅಮೆರಿಕದ ಅನೇಕ ಕಾಲೇಜುಗಳು ಡೀನ್, ಆಪ್ತಸಮಾಲೋಚಕ, ಪೊಲೀಸ್ ಒಟ್ಟಿಗೆ ಕೂರುವ ತಂಡಗಳನ್ನು ಗಟ್ಟಿ ಮಾಡಿಕೊಂಡವು. ನಮ್ಮಲ್ಲೂ ಒಂದಿದೆ. ಯಾರ ಬಗ್ಗೆಯಾದರೂ ಆತಂಕವಾದರೆ ತುಂಬಿ ಕಳಿಸಲು ಒಂದು ಫಾರ್ಮೂ ಇದೆ. ಮೊನ್ನೆ ನನ್ನ ಕ್ಲಾಸಿನಲ್ಲಿ ಈ ಫಾರ್ಮ್ ಯಾರಿಗೆ ಗೊತ್ತು ಎಂದು ಕೇಳಿದೆ. ಒಂದು ಕೈ ಮೇಲೆದ್ದಿತು. ಅದು ಬಾತ್‌ರೂಮಿಗೆ ಹೋಗಲು.

ಇನ್ನು ಗನ್ನಿನ ವಿಷಯ. 2015ರ ಅಕ್ಟೋಬರ್ 1ರಂದು ಆರೆಗನ್‌ನ ರೋಸ್‌ಬರ್ಗ್ ಊರಿನ ಅಂಪ್ಕ್ವಾ ಕಮ್ಯುನಿಟಿ ಕಾಲೇಜಿನ ಕ್ಲಾಸ್‌ರೂಮಿನಲ್ಲಿ ವಿದ್ಯಾರ್ಥಿಯೊಬ್ಬ ಒಂಬತ್ತು ಜನರನ್ನು ಕೊಂದ. ಎಂಟು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಕರು. ಆ ಕ್ಯಾಂಪಸ್ಸಿನಲ್ಲಿ ಆಗ ಕೆಲಸದಲ್ಲಿದ್ದದ್ದು ಆಯುಧವಿಲ್ಲದ ಒಬ್ಬ ಕಾವಲುಗಾರ. ಕಾವಲುಗಾರರಿಗೆ ಗನ್ ಕೊಡಬೇಕೇ ಎಂಬ ಚರ್ಚೆ ಅದಕ್ಕೂ ಮೊದಲೇ ಕಾಲೇಜಿನಲ್ಲಿ ನಡೆದು, ಬೇಡ ಎಂದಾಗಿತ್ತು. ಘಟನೆಯಾದ ಮೇಲೆ ಇಡೀ ದೇಶ ಆ ಒಂದೇ ಪ್ರಶ್ನೆ ಹಿಡಿದು ಎರಡು ಪಾಳಯವಾಯಿತು. ನನಗೆ ಆ ವಾದದಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಕರೆ ಹೋದ ಸುಮಾರು ಆರು ನಿಮಿಷಕ್ಕೆ ಊರಿನ ಪೊಲೀಸರು ಬಂದರು, ಬಂದ ಕೂಡಲೇ ಅವನನ್ನು ತಡೆದರು. ಅದು ತಡವೇನಲ್ಲ. ಆ ಆರು ನಿಮಿಷ ಒಳಗಿದ್ದವರು ಏನು ಮಾಡಬಹುದು ಎಂಬುದೇ ನನ್ನ ಚಿಂತೆ. 2013ರಲ್ಲಿ ಸಾಂಟಾ ಮೋನಿಕಾ ಕಾಲೇಜಿನ ಲೈಬ್ರರಿಗೆ ಬಂದೂಕುಧಾರಿ ನುಗ್ಗಿದಾಗ, ಒಂದು ಕೋಣೆ ಸೇರಿಕೊಂಡವರು ಬಾಗಿಲಿಗೆ ಸಾಮಾನು ಅಡ್ಡ ಒಟ್ಟಿ ಉಳಿದುಕೊಂಡರು. ಕೊನೆಗೆ ಉಳಿಸುವುದು ಬಹಳ ಸಲ ಬಾಗಿಲು.

ನನ್ನ ಕ್ಲಾಸಿನ ಬಾಗಿಲಿನ ಕತೆ ಕೇಳಿ. ಬೂದು ಬಣ್ಣದ ಉಕ್ಕಿನ ಬಾಗಿಲು. ಬೀಗದ ಕಣ್ಣು ಇರುವುದು ಕಾರಿಡಾರಿನ ಕಡೆಗೆ ಮಾತ್ರ. ಒಳಗಿನಿಂದ ಹಾಕಲು ಚಿಲಕವಿಲ್ಲ, ತಿರುಗಿಸಲು ಗುಂಡಿಯಿಲ್ಲ. ತಳ್ಳಿದರೆ ತೆರೆದುಕೊಳ್ಳುವ ಅಡ್ಡ ಸರಳು ಒಂದಿದೆ, ಬೆಂಕಿ ಬಿದ್ದಾಗ ಹೊರಗೆ ಓಡಲು. ಅಂದರೆ ಅಪಾಯ ಬಂದಾಗ ಬೀಗ ಹಾಕಬೇಕಾದರೆ ನಾನು ಕಾರಿಡಾರಿಗೆ ಹೋಗಿ, ಅಪಾಯದ ಎದುರೇ ನಿಂತು, ಕೀಲಿ ತಿರುಗಿಸಿ ಮತ್ತೆ ಒಳಗೆ ಬರಬೇಕು. ಅದೂ ಕೀಲಿ ಇದ್ದರೆ. ನನ್ನಂಥ ಅರೆಕಾಲಿಕರಿಗೆ ಕೋಣೆಯ ಕೀಲಿ ಕೊಡುವುದಿಲ್ಲ. ಸಂಜೆ ಆರಕ್ಕೆ ಬಾಗಿಲು ಮುಚ್ಚಿದ್ದರೆ ಕ್ಯಾಂಪಸ್ ಪೊಲೀಸಿಗೆ ಫೋನ್ ಮಾಡುತ್ತೇನೆ. ಪೊಲೀಸ್ ಇಲಾಖೆಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುವ ವಿದ್ಯಾರ್ಥಿಯೊಬ್ಬ ಗಾಲ್ಫ್ ಗಾಡಿಯಲ್ಲಿ ಬಂದು, ತೆಂಗಿನಕಾಯಿ ಗಾತ್ರದ ಕೀಲಿಗೊಂಚಲಿನಲ್ಲಿ ಒಂದೊಂದಾಗಿ ಹಾಕಿ ನೋಡುತ್ತಾನೆ. ನಾವೆಲ್ಲ ಗೋಡೆಗೆ ಒರಗಿ ನಿಂತು ಅವನಿಗೆ ಧೈರ್ಯ ಹೇಳುತ್ತೇವೆ.

ಈ ಬೀಗ ಬದಲಿಸಿ ಎಂದು ಬರೆದಾಗ ಕಟ್ಟಡ ನಿರ್ವಹಣೆಯವರು, ಅದು ಸುರಕ್ಷತೆಯ ವಿಷಯ, ಪೊಲೀಸರನ್ನು ಕೇಳಿ ಎಂದರು. ಪೊಲೀಸರು, ಅದು ಕಟ್ಟಡದ ವಿಷಯ ಎಂದರು. ಮೂರನೆಯ ಕಚೇರಿ, ಬಾಂಡ್ ದುಡ್ಡಿನ ಮುಂದಿನ ಕಂತು ಬರಲಿ ಎಂದಿತು. ಬಾಂಡ್ ಅಂದರೆ ಯಾರದೋ ದುಡ್ಡಲ್ಲ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲನ್ನು ಬಿಡಿಸಿ ನೋಡಿ, ಕಾಲೇಜ್ ಡಿಸ್ಟ್ರಿಕ್ಟ್‌ನ ಹೆಸರಿನಲ್ಲಿ ಒಂದು ಸಾಲಿರುತ್ತದೆ. ಮೂರು ಕಚೇರಿಗಳನ್ನು ಒಂದೇ ಮೇಜಿಗೆ ಕರೆದು ಒಂದು ಬೀಗ ಬದಲಿಸಿಕೊಂಡು ಬರುವ ತಾಕತ್ತು ಯಾರಿಗಿದೆಯೋ ಅಂಥವರನ್ನು ನಾನು ಚೀಫ್ ಎಂದು ಒಪ್ಪುತ್ತೇನೆ. ಸಮವಸ್ತ್ರದ ಮೇಲಿನ ನಕ್ಷತ್ರಗಳನ್ನು ಎಣಿಸುವ ಅಭ್ಯಾಸ ನನಗಿಲ್ಲ.

ಇನ್ನು ಓದುವ ಕೆಲಸ ಒಂದಿದೆ: ಕಾಲೇಜಿನ ವಾರ್ಷಿಕ ಅಪರಾಧ ವರದಿ. ನಮ್ಮವರು ಪೇಟೆಂಟು, ಪ್ರಾಸ್ಪೆಕ್ಟಸ್ಸು ಎಲ್ಲ ಓದುತ್ತಾರೆ, ಇದೇನು ಮಹಾ. ಈ ವರದಿಯ ಹಿಂದೆ ಒಂದು ಕತೆಯಿದೆ. 1986ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೀರಿ ಎಂಬ 19 ವರ್ಷದ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಸಿ ಕೊಲೆ ಮಾಡಲಾಯಿತು. ಕೊಂದವನೂ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತಾನಾಗಿಯೇ ಬೀಗ ಬೀಳುವ ಬಾಗಿಲುಗಳಿಗೆ ಯಾರೋ ಪಿಜ್ಜಾ ಡಬ್ಬಿ ಅಡ್ಡ ಇಟ್ಟಿದ್ದರಿಂದ ಸಲೀಸಾಗಿ ಒಳಗೆ ಬಂದಿದ್ದ. ಹಿಂದಿನ ಮೂರು ವರ್ಷಗಳಲ್ಲಿ ಆ ಕ್ಯಾಂಪಸ್ಸಿನಲ್ಲಿ 38 ಹಿಂಸಾತ್ಮಕ ಅಪರಾಧಗಳು ನಡೆದಿದ್ದವು, ಹೊರಗೆ ಯಾರಿಗೂ ಹೇಳಿರಲಿಲ್ಲ ಎಂಬುದು ಆಮೇಲೆ ತಂದೆತಾಯಿಗೆ ತಿಳಿಯಿತು. ಆ ದಂಪತಿ ಹಟ ಹಿಡಿದು ಹೋರಾಡಿ 1990ರಲ್ಲಿ ಫೆಡರಲ್ ಕಾನೂನು ತರಿಸಿದರು. ಮಗಳ ಹೆಸರಿನ ಆ ಕ್ಲೀರಿ ಕಾಯ್ದೆಯಿಂದಾಗಿ ಇಂದು ಬಹುತೇಕ ಪ್ರತಿ ಕಾಲೇಜೂ ವರ್ಷವರ್ಷ ಅಕ್ಟೋಬರ್ 1ರೊಳಗೆ ಹಿಂದಿನ ಮೂರು ವರ್ಷಗಳ ಅಪರಾಧದ ಅಂಕಿಅಂಶ ಪ್ರಕಟಿಸಲೇಬೇಕು. ಮುಚ್ಚಿಟ್ಟರೆ ದಂಡ. 2024ರಲ್ಲಿ ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 1.4 ಕೋಟಿ ಡಾಲರ್ ಬಿತ್ತು.

ಈ ವರದಿ ಓದುವಾಗ ಸೊನ್ನೆ ಕಂಡು ಹಿಗ್ಗಬೇಡಿ. ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದ್ದರೆ ಅದು ಸಾಮಾನ್ಯವಾಗಿ ಈ ವಾರ್ಷಿಕ ಲೆಕ್ಕಕ್ಕೆ ಬರುವುದೇ ಇಲ್ಲ. ಇಡೀ ಕಾರನ್ನೇ ಕದ್ದರೆ ಬರುತ್ತದೆ. ಪಾರ್ಕಿಂಗ್ ಲಾಟಿನ ನಿಜ ಬೇಕಿದ್ದರೆ ಠಾಣೆಯ ದಿನಚರಿ ಪುಸ್ತಕ ಕೇಳಿ. ಕ್ರೈಮ್ ಲಾಗ್ ಅನ್ನುತ್ತಾರೆ. ಕಳೆದ 60 ದಿನಗಳದ್ದನ್ನು ಯಾರು ಬಂದು ಕೇಳಿದರೂ ಕಚೇರಿ ವೇಳೆಯಲ್ಲಿ ತೋರಿಸಬೇಕೆಂಬುದು ಅದೇ ಕಾಯ್ದೆಯ ನಿಯಮ. ಇನ್ನೂ ಒಂದು ಮಾತು: ಹಿಂಬಾಲಿಸಿ ಕಾಡುವ ಪ್ರಕರಣಗಳ ಅಂಕಣದಲ್ಲಿ ಸಾವಿರಾರು ಹುಡುಗಿಯರಿರುವ ಕಾಲೇಜು ಮೂರು ವರ್ಷವೂ ಸೊನ್ನೆ ತೋರಿಸಿದರೆ, ಅಲ್ಲಿ ಅಂಥದ್ದು ನಡೆಯುವುದಿಲ್ಲ ಎಂದು ನಾನಂತೂ ನಂಬುವುದಿಲ್ಲ. ಅಲ್ಲಿ ಹೇಳಿಕೊಳ್ಳುವವರಿಲ್ಲ. ಒಬ್ಬ ಒಳ್ಳೆಯ ಚೀಫ್ ಬಂದ ಮೊದಲ ವರ್ಷ ಆ ಅಂಕಿ ಏರುತ್ತದೆ. ಆಗ ಗಾಬರಿ ಬಿದ್ದು ಕಾಲೇಜ್ ಬೋರ್ಡಿನ ಟ್ರಸ್ಟಿಗಳಿಗೆ ಇಮೇಲ್ ಸುರಿಸಬೇಡಿ, ದಯವಿಟ್ಟು.

ಹೇಳಿಕೊಳ್ಳದಿರುವುದರಲ್ಲಿ ನಮ್ಮ ಪಾಲೂ ಇದೆ. ಹಿಂದೊಂದು ಟರ್ಮಿನಲ್ಲಿ ಭಾರತೀಯ ಮನೆಯ ಹುಡುಗಿಯೊಬ್ಬಳು ಕ್ಲಾಸು ಮುಗಿದ ಮೇಲೂ ಬ್ಯಾಗು ಜೋಡಿಸುವ ನೆಪದಲ್ಲಿ ನಿಂತಿರುತ್ತಿದ್ದಳು. ನಾನು ಹೊರಟರೆ ಹೊರಡುತ್ತಿದ್ದಳು, ನನ್ನ ಜೊತೆಗೇ ಪಾರ್ಕಿಂಗ್ ಲಾಟಿನವರೆಗೆ ಬರುತ್ತಿದ್ದಳು. ಒಂದು ದಿನ ಬಾಯಿಬಿಡಲು ಹೊರಟಾಗ ನಾನು ಮೊದಲೇ ಹೇಳಿದೆ: ನೋಡಮ್ಮ, ನೀನು ನನಗೆ ಹೇಳಿದ್ದನ್ನು ನಾನು ಟೈಟಲ್ ನೈನ್, ಅಂದರೆ ಲೈಂಗಿಕ ಕಿರುಕುಳದ ದೂರು ನೋಡುವ ಕಚೇರಿಗೆ ತಿಳಿಸಬೇಕಾಗಬಹುದು, ಗುಟ್ಟಾಗಿಯೇ ಇರಬೇಕು ಅಂದರೆ ಆಪ್ತಸಮಾಲೋಚಕರ ಹತ್ತಿರ ಕರೆದೊಯ್ಯುತ್ತೇನೆ. ಅವಳು ಯೋಚಿಸಿ ಆಪ್ತಸಮಾಲೋಚಕರೇ ಸರಿ ಎಂದಳು. ಅವಳನ್ನು ಹಿಂಬಾಲಿಸುತ್ತಿದ್ದವನ ಹೆದರಿಕೆ ಅವಳಿಗೆ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. "ಅಮ್ಮಂಗೆ ಗೊತ್ತಾದ್ರೆ ಸಂಜೆ ಕ್ಲಾಸ್ ಬಿಡಿಸ್ತಾರೆ."

ಓದಲು ಎಫ್-1 ವೀಸಾದಲ್ಲಿ ಬಂದ ಮಕ್ಕಳದ್ದು ಇನ್ನೊಂದು ತರಹ. ದೂರು ಕೊಟ್ಟರೆ ಹೆಸರು ಎಲ್ಲೋ ದಾಖಲಾಗಿ ವೀಸಾಕ್ಕೆ ತೊಂದರೆಯಾದೀತು ಎಂಬ ಅಂಜಿಕೆ. ಊರಿನಿಂದ ಬಂದು ನೆಂಟರ ಮನೆಯಲ್ಲಿ ಉಳಿದು ಓದುವ ಹುಡುಗರಿಗೆ ನಾವು ಹೇಳಿಕೊಡುವುದೂ ಅದನ್ನೇ: ತಲೆ ತಗ್ಗಿಸಿಕೊಂಡು ಹೋಗಿ ತಲೆ ತಗ್ಗಿಸಿಕೊಂಡು ಬಾ. ಪೆಟ್ಟು ತಿಂದವನು ದೂರು ಕೊಡುವುದು ತಪ್ಪಲ್ಲ ಎಂದು ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಕಾಲೇಜಿನ ಠಾಣೆಯವರೇ ಓರಿಯೆಂಟೇಶನ್ ದಿನ ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಫರ್ಪಾ ಎಂಬ 1974ರ ಕಾನೂನಿನ ಬಗ್ಗೆ ನಿಮ್ಮ ಸಿಟ್ಟು ನನಗೆ ಗೊತ್ತು. ಮಗ ಕಾಲೇಜಿಗೆ ಸೇರಿದ ದಿನದಿಂದ ಅವನ ದಾಖಲೆಗಳ ಮೇಲಿನ ಹಕ್ಕು ಅವನದು. ಹೈಸ್ಕೂಲಿನಲ್ಲಿದ್ದುಕೊಂಡೇ ಇಲ್ಲಿ ಒಂದು ಕ್ಲಾಸು ತೆಗೆದುಕೊಂಡ ಹದಿನಾರರ ಮಗುವಾದರೂ, ಆ ಕ್ಲಾಸಿನ ಮಟ್ಟಿಗೆ ಅಷ್ಟೇ. "ಫೀ ಕಟ್ಟೋದು ನಾನು, ಮಾರ್ಕ್ಸ್ ಹೇಳಲ್ಲ ಅಂದ್ರೆ?" ಎಂದು ನನಗೆ ಫೋನ್ ಮಾಡಿ ರೇಗಿದವರೂ ಇದ್ದಾರೆ. ಆದರೆ ಜೀವಕ್ಕೆ, ಆರೋಗ್ಯಕ್ಕೆ ಅಪಾಯವಿದ್ದಾಗ ಮನೆಯವರಿಗೆ ತಿಳಿಸಲು ಅದೇ ಕಾನೂನಿನಲ್ಲಿ ದಾರಿಯಿದೆ. ಕಾನೂನು ಬಿಡುವುದಿಲ್ಲ ಎಂದು ಹೇಳಿ ಎಷ್ಟೋ ಕಾಲೇಜುಗಳು ಸುಮ್ಮನಾಗುವುದು ಅದನ್ನು ಪೂರ್ತಿ ಓದದೆ. ಅಭ್ಯರ್ಥಿಗಳಿಗೆ ಇದನ್ನು ಕೇಳಿ: ಯಾವ ಹಂತದಲ್ಲಿ ಮನೆಯವರಿಗೆ ಫೋನ್ ಮಾಡುತ್ತೀರಿ, ಆ ನಿರ್ಧಾರ ಯಾರದು, ರಾತ್ರಿ ಒಂಬತ್ತಕ್ಕೆ ಅವರು ಸಿಗುತ್ತಾರೆಯೇ?

ಎಚ್ಚರಿಕೆಯ ಸಂದೇಶದ ಬಗ್ಗೆಯೂ ಕೇಳಿ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಮೊದಲ ಗುಂಡು ಹಾರಿದ್ದು ಬೆಳಿಗ್ಗೆ 7:15ರ ಸುಮಾರಿಗೆ. ಕ್ಯಾಂಪಸ್ಸಿಗೆಲ್ಲ ಮೊದಲ ಇಮೇಲ್ ಹೋದದ್ದು 9:26ಕ್ಕೆ. ಅದಾದ ಸ್ವಲ್ಪ ಹೊತ್ತಿಗೆ ಕೊಲೆಗಾರ ನಾರಿಸ್ ಹಾಲ್ ಹೊಕ್ಕ. ಒಟ್ಟು 32 ಜನ ಸತ್ತರು. ತಮಿಳುನಾಡಿನಿಂದ ಬಂದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಕ್ಲಾಸು ತೆಗೆದುಕೊಳ್ಳುತ್ತಿದ್ದಾಗಲೇ ಹೋದರು. ಅಪಾಯ ಖಚಿತವಾದ ಕೂಡಲೇ ತಡಮಾಡದೆ ತಿಳಿಸಬೇಕು ಎಂಬ ನಿಯಮ ಮರುವರ್ಷವೇ ಬಂತು. ಆದ್ದರಿಂದ ಕೇಳಿ: ಸಂದೇಶದ ಗುಂಡಿ ಒತ್ತುವ ಅಧಿಕಾರ ಯಾರಿಗಿದೆ? ಪಾಳಿಯಲ್ಲಿರುವ ಸಾರ್ಜೆಂಟ್‌ಗೆ ಇದೆಯೇ, ಅಥವಾ ಕಾಲೇಜಿನ ಅಧ್ಯಕ್ಷರು ಮೀಟಿಂಗಿನಿಂದ ಎದ್ದು ಬರುವವರೆಗೆ ಕಾಯಬೇಕೇ? ಹಾಗೆಯೇ ನಿಮ್ಮ ಮನೆಯಲ್ಲೂ ಒಂದು ತಪಾಸಣೆ ಮಾಡಿ. ಕಾಲೇಜಿನ ಅರ್ಜಿ ತುಂಬಿದ್ದು ನೀವೇ ಅಲ್ಲವೇ? ಮಗಳ ಮೊಬೈಲ್ ನಂಬರ್ ಕೇಳಿದ ಕಡೆ ನಿಮ್ಮದನ್ನೇ ಹಾಕಿರುತ್ತೀರಿ. ಕ್ಯಾಂಪಸ್ಸಿನಲ್ಲಿ ಬಾಗಿಲು ಹಾಕಿಕೊಳ್ಳಿ ಎಂಬ ಸಂದೇಶ ಆಗ ಸನ್ನಿವೇಲ್‌ನಲ್ಲಿ ಮೀಟಿಂಗಿನಲ್ಲಿರುವ ಅಪ್ಪನ ಜೇಬಿನಲ್ಲಿ ಗುಂಯ್‌ಗುಟ್ಟುತ್ತದೆ, ಮಗಳಿಗೆ ಗೊತ್ತೇ ಆಗುವುದಿಲ್ಲ. ಕ್ಯಾಂಪಸ್ ಪೊಲೀಸರ ನೇರ ನಂಬರನ್ನೂ ಅವಳ ಫೋನಿನಲ್ಲಿ ಹಾಕಿಸಿ. ಮೊಬೈಲಿನಿಂದ 911 ಮಾಡಿದರೆ ಕರೆ ಮೊದಲು ಊರಿನ ಅಥವಾ ಹೆದ್ದಾರಿ ಪೊಲೀಸರ ಕಂಟ್ರೋಲ್ ರೂಮಿಗೆ ಹೋಗಬಹುದು.

ಉಳಿದ ಪ್ರಶ್ನೆಗಳು ನಿಮಗೇ ಹೊಳೆಯುತ್ತವೆ. ಹಿಂದೆ ಕೆಲಸ ಮಾಡಿದ ಕಡೆ ವಿದ್ಯಾರ್ಥಿಯೊಬ್ಬನ ಬಗ್ಗೆ ಬಂದ ದೂರನ್ನು ಹೇಗೆ ನಿಭಾಯಿಸಿದಿರಿ, ಅವನನ್ನು ಹೊರಗೆ ಹಾಕಿದ ಮೇಲೆ ಏನು ಮಾಡಿದಿರಿ ಎಂದು ಕೇಳಿದರೆ ಆ ವ್ಯಕ್ತಿಯ ಅರ್ಧ ಪರಿಚಯವಾಗುತ್ತದೆ. ಉತ್ತರವೆಲ್ಲ ಉಪಕರಣಗಳ ಹೆಸರಾದರೆ ನನಗೆ ಅನುಮಾನ. ಜನರ ಬಗ್ಗೆ, ಡೀನ್ ಬಗ್ಗೆ, ರಾತ್ರಿ ಕಸ ಗುಡಿಸುವವರ ಬಗ್ಗೆ ಮಾತು ಬಂದರೆ ಕಿವಿ ನಿಮಿರುತ್ತದೆ. ರಾತ್ರಿ ಹತ್ತರ ನಂತರ ಕ್ಯಾಂಪಸ್ಸಿನಲ್ಲಿ ಏನೇನು ನಡೆಯುತ್ತದೆ ಎಂಬುದು ನಮ್ಮ ಕಟ್ಟಡ ಗುಡಿಸುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅವರನ್ನು ಯಾವ ಸುರಕ್ಷತಾ ಸಭೆಗೂ ಕರೆದದ್ದನ್ನು ನಾನು ಕಂಡಿಲ್ಲ.

"ನಮಗೆ ಓಟೇ ಇಲ್ಲ, ನಮ್ಮ ಮಾತು ಯಾರು ಕೇಳ್ತಾರೆ?" ಎಂದು ಗ್ರೀನ್ ಕಾರ್ಡಿಗೆ ಕಾದು ಕೂತವರು ಹೇಳುವುದನ್ನು ಕೇಳಿದ್ದೇನೆ. ಟ್ರಸ್ಟಿಗಳನ್ನು ಆರಿಸಲು ಓಟು ಬೇಕು, ನಿಜ. ಅವರ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಬೇಡ. ಬ್ರೌನ್ ಆ್ಯಕ್ಟ್ ಎಂಬ 1953ರ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಇಂಥ ಬೋರ್ಡುಗಳ ಸಭೆ ತೆರೆದ ಬಾಗಿಲಿನದ್ದು. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹೊರಗೆ ಹಾಕಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ಪೌರತ್ವ, ವೀಸಾ ಯಾವುದನ್ನೂ ಯಾರೂ ಕೇಳುವಂತಿಲ್ಲ. ನೇಮಕಕ್ಕೆ ಕೊನೆಯ ಮುದ್ರೆ ಬೀಳುವುದು ಆ ಬೋರ್ಡಿನಲ್ಲೇ.

ಮೊದಲು ಅಭ್ಯರ್ಥಿಗಳ ಸಂಜೆ, ಆಮೇಲೆ ಬೋರ್ಡಿನ ಸಭೆ. ಎರಡರ ದಿನಾಂಕವನ್ನೂ ಗುಂಪಿಗೆ ಮತ್ತೆ ಹಾಕುತ್ತೇನೆ, ಈ ಸಲ ಅಕ್ಕಿಯ ಚರ್ಚೆ ಇಲ್ಲದ ಹೊತ್ತು ನೋಡಿ. ಬೋರ್ಡಿನಲ್ಲಿ ಮಾತಾಡುವವರು ಬಾಗಿಲ ಬಳಿ ಇಟ್ಟಿರುವ ಚೀಟಿಯಲ್ಲಿ ಹೆಸರು ಬರೆದು ಮೊದಲೇ ಕೊಡಬೇಕು. ಸಿಗುವುದು ಎರಡೋ ಮೂರೋ ನಿಮಿಷ, ಆದ್ದರಿಂದ ಪೀಠಿಕೆ ಬೇಡ. ಸಂಜೆಯೂ ಪಾರ್ಕಿಂಗ್ ಚೀಟಿ ತೆಗೆದುಕೊಳ್ಳಲೇಬೇಕು, ನಮ್ಮ ಪೊಲೀಸರು ಬೇರೆ ಯಾವುದರಲ್ಲಿ ಹಿಂದೆ ಬಿದ್ದರೂ ಅದರಲ್ಲಿ ಬೀಳುವುದಿಲ್ಲ. ಬೀಗದ ವಿಷಯವನ್ನು ನಾನು ಎತ್ತುತ್ತೇನೆ. ಮನೆಗೆ ಫೋನ್ ಮಾಡುವ ವಿಷಯವನ್ನು ನಿಮ್ಮಲ್ಲಿ ಯಾರಾದರೂ ಎತ್ತಿಕೊಳ್ಳಿ.

ಇಂತಿ,
ನಿಮ್ಮ ಮಕ್ಕಳ ಸಂಜೆ ಕ್ಲಾಸಿನ ಗಣಿತದ ಟೀಚರ್